ಸಸ್ಯಗಳ ಶಾಸ್ತ್ರೀಯ ನಾಮಗಳು: ಅವುಗಳನ್ನು ಓದುವ ಮತ್ತು ಬಳಸುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮದ ಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೀಜ, ಗೊಬ್ಬರ, ನೀರಾವರಿ, ಕೀಟಬಾಧೆ ಮೊದಲಾದ ವಿಷಯಗಳನ್ನು ಕುರಿತು ತಾವು ಅನೇಕ ಉಪನ್ಯಾಸಗಳನ್ನು ಕೇಳಿರುವಿರಿ. ಈ ದಿನ ನಾನು ಅರಿಕೆಮಾಡಬೇಕೆಂದಿರುವ ವಿಷಯವು ಗಿಡಮರಗಳ ಹೆಸರಿಗೆ ಸಂಬಂಧಪಟ್ಟುದು. ಗಿಡಕ್ಕೆ ಹೆಸರಿಡುವುದು ಪಂಡಿತರ ಕೆಲಸ, ಬೆಳೆಸುವುದು ನಮ್ಮ ಕೆಲಸ, ಆ ಉದ್ದನೆಯ ಇಂಗ್ಲಿಷ್ ಹೆಸರುಗಳಿಂದ ನಮಗಾಗಬೇಕಾದುದೇನು ಎಂದು ಕೆಲವರಿಗೆ ತೋರಬಹುದು. ಆದರೆ ಹೆಸರು ತಪ್ಪಿದರೆ ಹಣವೂ ಕಾಲವೂ ನಷ್ಟವಾಗುವುದುಂಟು. ಕೆಲವು ವೇಳೆ ಪ್ರಾಣಕ್ಕೂ ಅಪಾಯವುಂಟು. ಇದು ಹೇಗೆಂಬುದನ್ನು ನಾವೆಲ್ಲರೂ ಬಲ್ಲ ಬೇವಿನ ದೃಷ್ಟಾಂತದಿಂದಲೇ ವಿವರಿಸುವೆನು.

ಒಬ್ಬ ಹಿಡುವಳಿದಾರರು ತಮ್ಮ ಎರಡು ಎಕರೆ ಖುಷ್ಕಿ ಜಮೀನಿನಲ್ಲಿ ಹೆಬ್ಬೇವನ್ನು ನೆಡಲು ನಿಶ್ಚಯಿಸಿದರೆಂದು ಭಾವಿಸೋಣ. ಈ ಮರವು ಬೇಗ ಬೆಳೆಯುವುದು. ಪದರ ಹಲಗೆ, ಬೆಂಕಿಕಡ್ಡಿ, ಕಾಗದದ ತಿರುಳು ಇವುಗಳಿಗೆ ಒದಗುವುದು. 16 ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 170 ಸಸಿಗಳು ಬೇಕು. ಮಾರುವವನು "ಬೇವಿನ ಸಸಿ, ದೊಡ್ಡ ಜಾತಿಯದು" ಎಂದು ಹೇಳಿ 340 ಸಸಿಗಳನ್ನು ಕೊಟ್ಟನು. ಗುಂಡಿ ತೆಗೆಸಿದ ಕೂಲಿ, ಗೊಬ್ಬರ, ಬೇಸಿಗೆಯ ನೀರು, ಬೇಲಿ ಎಲ್ಲವೂ ಖರ್ಚಾದವು. ಮರಗಳು ಹೂ ಬಿಟ್ಟಾಗ ಅವು ಊದಾ ಬಣ್ಣವಾಗಿದ್ದವು. ಆಗ ತಿಳಿದುಬಂದುದೇನೆಂದರೆ, ನೆಟ್ಟದ್ದು ಹೆಬ್ಬೇವಲ್ಲ, ಹುಚ್ಚುಬೇವು! ನೇರವಾದ ದಪ್ಪ ದಿಮ್ಮಿಯನ್ನು ಬಯಸಿದವರಿಗೆ ಗಿಡ್ಡಾಗಿ ಕವಲೊಡೆದ ಮರಗಳು ದೊರೆತವು. ಮಾರಿದವನನ್ನು ಕೇಳಿದರೆ, "ನಾನು ಬೇವೆಂದೆ, ಬೇವನ್ನೇ ಕೊಟ್ಟೆ" ಎನ್ನುವನು. ರಸೀದಿಯಲ್ಲಿಯೂ ಬೇವೆಂದೇ ಇರುವುದು. ಇಂಥ ವ್ಯಾಜ್ಯವು ಪಂಚಾಯಿತಿಗೆ ಬಂದರೆ ಊರಿನ ಯಜಮಾನರು ಏನೆಂದು ತೀರ್ಮಾನಿಸಬೇಕು?

1. ಊರ ಹೆಸರಿನ ಗುಣವೂ ಕೊರತೆಯೂ

ಊರ ಹೆಸರುಗಳನ್ನು ಕೀಳೆಂದು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮ ಹಿರಿಯರು ಗಿಡದ ರುಚಿ, ಬಣ್ಣ, ಗಾತ್ರ, ಇರುವ ಸ್ಥಳ ಇವುಗಳನ್ನು ನೋಡಿಯೇ ಹೆಸರಿಟ್ಟರು. ಆ ಹೆಸರುಗಳು ಮನೆಯಲ್ಲಿಯೂ ಹೊಲದಲ್ಲಿಯೂ ಸಾಕಾದವು. ಆದರೆ ಒಂದು ಸೀಮೆಯನ್ನು ಬಿಟ್ಟು ಮತ್ತೊಂದಕ್ಕೆ ಹೋದಕೂಡಲೇ ಅವುಗಳ ಬಲವು ಕುಂದುವುದು.

ಬೇವೆಂಬ ಪದವನ್ನೇ ನೋಡಿರಿ. ಯುಗಾದಿಯ ದಿನ ಬೆಲ್ಲದೊಡನೆ ಸೇವಿಸುವುದು ಒಂದು ಬೇವು. ಒಗ್ಗರಣೆಗೆ ಹಾಕುವುದು ಕರಿಬೇವು. ಜ್ವರಕ್ಕೆ ಕಷಾಯ ಮಾಡುವ, ಮೊಳಕಾಲೆತ್ತರದ ಕಹಿ ಗಿಡವು ನೆಲಬೇವು. ಇವಲ್ಲದೆ ಹೆಬ್ಬೇವು, ಹುಚ್ಚುಬೇವುಗಳುಂಟು. ಕಾಡುಬೇವೆಂಬ ಹೆಸರು ಒಂದು ಕಡೆ ಒಂದು ಮರಕ್ಕೂ ಇನ್ನೊಂದು ಕಡೆ ಮತ್ತೊಂದಕ್ಕೂ ಸಲ್ಲುವುದು. ಈ ಐದರಲ್ಲಿ ಬೇವು, ಹೆಬ್ಬೇವು, ಹುಚ್ಚುಬೇವು ಈ ಮೂರು ಮಾತ್ರ ಒಂದೇ ವಂಶಕ್ಕೆ ಸೇರಿದವು. ಕರಿಬೇವು ನಿಂಬೆ, ಕಿತ್ತಳೆಗಳ ವಂಶದ್ದು. ನೆಲಬೇವು ಆಡುಸೋಗೆಯ ವಂಶದ್ದು.

ಬ್ರಾಹ್ಮಿಯ ಸಂಗತಿಯೂ ಹೀಗೆಯೇ. ನಮ್ಮಲ್ಲಿ ಬಹು ಮಂದಿ ಒಂದೆಲಗವನ್ನು ಬ್ರಾಹ್ಮಿ ಎನ್ನುವರು. ಔಷಧಿಯ ವ್ಯಾಪಾರಿಗಳಲ್ಲಿ ಅನೇಕರು ಬ್ರಾಹ್ಮಿ ಎಂಬುದರಿಂದ ನೀರುಬ್ರಾಹ್ಮಿಯನ್ನು ತಿಳಿಯುವರು. ಒಂದೆಲಗದ ಶಾಸ್ತ್ರೀಯ ನಾಮ ಸೆಂಟೆಲ ಏಷ್ಯಾಟಿಕ. ನೀರುಬ್ರಾಹ್ಮಿಯದು ಬಕೋಪ ಮೊನ್ನಿಯೇರಿ. ಇವೆರಡಕ್ಕೂ ಹತ್ತಿರದ ಸಂಬಂಧವೇ ಇಲ್ಲ. ವ್ಯಾಪಾರಿಯು ಒಂದನ್ನು ಬಯಸಿ, ಒಕ್ಕಲಿಗನು ಇನ್ನೊಂದನ್ನು ಬೆಳೆದು ಒಯ್ದರೆ, ಇಬ್ಬರೂ ಸತ್ಯವಂತರಾಗಿದ್ದಾಗ್ಯೂ ವ್ಯವಹಾರವು ಕೆಡುವುದು.

2. ಶಾಸ್ತ್ರೀಯ ನಾಮವೆಂದರೆ ಸಸ್ಯದ ಸರ್ವೆ ನಂಬರು

ಜಮೀನಿನ ವಿಷಯದಲ್ಲಿ ಈ ತೊಂದರೆಗೆ ಪರಿಹಾರವನ್ನು ತಾವೆಲ್ಲರೂ ಬಲ್ಲಿರಿ. ಊರಿನವರ ಬಾಯಲ್ಲಿ "ಹುಣಸೆಮರದ ಹೊಲ" ಎಂದರೆ ಸಾಕು. ಆದರೆ ಊರೂರಿಗೂ ಹುಣಸೆಮರದ ಹೊಲಗಳುಂಟು. ಆದಕಾರಣ ಕ್ರಯಪತ್ರ ಬರೆಯುವಾಗ ಸರ್ವೆ ನಂಬರನ್ನೂ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಬರೆಯಿಸುವೆವು. ನಂಬರು ಬಂದ ಮಾತ್ರಕ್ಕೆ ಹುಣಸೆಮರದ ಹೊಲವೆಂಬ ಹೆಸರನ್ನು ಯಾರೂ ಬಿಟ್ಟಿಲ್ಲ. ಮನೆಯ ಮಾತಿಗೆ ಊರ ಹೆಸರು, ಪತ್ರಕ್ಕೆ ನಂಬರು.

ಶಾಸ್ತ್ರೀಯ ನಾಮವೂ ಹಾಗೆಯೇ. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಎಂಬ ಪಂಡಿತನು 1753ರಲ್ಲಿ ತಾನು ಬಲ್ಲ ಸಸ್ಯಗಳೆಲ್ಲಕ್ಕೂ ಎರಡೆರಡು ಪದಗಳ ಹೆಸರನ್ನಿಟ್ಟು ಒಂದು ಗ್ರಂಥವನ್ನು ಪ್ರಕಟಿಸಿದನು. ಇಂದಿಗೂ ಸಸ್ಯನಾಮಗಳ ಲೆಕ್ಕವು ಆ ಗ್ರಂಥದಿಂದಲೇ ಆರಂಭವಾಗುವುದು. ಬೇರೆ ಬೇರೆ ದೇಶಗಳ ಸಸ್ಯಶಾಸ್ತ್ರಜ್ಞರು ಕಾಲಕಾಲಕ್ಕೆ ಸಭೆ ಸೇರಿ ಈ ಹೆಸರುಗಳ ನಿಯಮಾವಳಿಯನ್ನು ತಿದ್ದುವರು. ಅವುಗಳಲ್ಲಿ ಮುಖ್ಯವಾದುದೇನೆಂದರೆ, ಒಂದು ಸಸ್ಯಕ್ಕೆ ಸಲ್ಲುವ ಹೆಸರು ಒಂದೇ. ಇಬ್ಬರು ಎರಡು ಹೆಸರನ್ನಿಟ್ಟಿದ್ದರೆ, ನಿಯಮಕ್ಕೆ ಸರಿಯಾಗಿ ಮೊದಲು ಪ್ರಕಟವಾದದ್ದೇ ಸಾಮಾನ್ಯವಾಗಿ ನಿಲ್ಲುವುದು. ಜಮೀನಿಗೆ ಗಡಿಕಲ್ಲು ಇರುವಂತೆ, ಹೊಸದಾಗಿಡುವ ಪ್ರತಿ ಹೆಸರಿಗೂ ಆಧಾರವಾಗಿ ಒಣಗಿಸಿದ ಒಂದು ನಮೂನೆಯನ್ನು ಸಸ್ಯಸಂಗ್ರಹಾಲಯದಲ್ಲಿ ಇಡತಕ್ಕದ್ದು. ಸಂಶಯ ಬಂದಾಗ ಆ ನಮೂನೆಯನ್ನು ನೋಡಿ ತೀರ್ಮಾನಿಸುವರು.

ಈ ಹೆಸರುಗಳನ್ನು ಇಂಗ್ಲಿಷ್ ಹೆಸರುಗಳೆಂದು ಹೇಳುವುದು ರೂಢಿಯಾದರೂ, ಅವು ಇಂಗ್ಲಿಷಿನವಲ್ಲ. ಲ್ಯಾಟಿನ್ ಭಾಷೆಯ ರೂಪದಲ್ಲಿರುವುವು. ಇಂಗ್ಲಿಷಿನವರೂ ಇವುಗಳನ್ನು ಕಲಿತೇ ತಿಳಿಯಬೇಕು. ಉಚ್ಚಾರಣೆಯೂ ದೇಶದಿಂದ ದೇಶಕ್ಕೆ ಬೇರೆಯಾಗುವುದು. ಆದಕಾರಣ, ಬಾಯಲ್ಲಿ ಸರಿಯಾಗಿ ಬಾರದೆಂದು ನಾಚಿಕೆಪಡಬೇಕಾದ ಕಾರಣವಿಲ್ಲ. ಉಚ್ಚಾರಣೆಯು ಹೇಗಾದರೂ ಇರಲಿ, ಬರವಣಿಗೆಯಲ್ಲಿ ಒಂದು ಅಕ್ಷರವೂ ತಪ್ಪಬಾರದು.

3. ಹೆಸರನ್ನು ಓದುವ ಕ್ರಮ

ಬೇವಿನ ಶಾಸ್ತ್ರೀಯ ನಾಮ ಅಜಾಡಿರಾಕ್ಟ ಇಂಡಿಕ. ಇದರಲ್ಲಿ ಎರಡು ಪದಗಳಿರುವುವು. ಮೊದಲನೆಯದು ಕುಲದ ಹೆಸರು. ಇದನ್ನು ಇಂಗ್ಲಿಷಿನ ದೊಡ್ಡ ಅಕ್ಷರದಿಂದ ಆರಂಭಿಸುವರು. ಎರಡನೆಯದು ಆ ಕುಲದಲ್ಲಿ ಈ ಪ್ರಭೇದವು ಯಾವುದೆಂಬುದನ್ನು ತಿಳಿಸುವುದು. ಇದನ್ನು ಚಿಕ್ಕ ಅಕ್ಷರದಿಂದಲೇ ಬರೆಯುವರು. ಅಚ್ಚಿನಲ್ಲಿ ಎರಡೂ ಪದಗಳು ಓರೆಯಾದ ಅಕ್ಷರಗಳಲ್ಲಿರುವುವು. ಎರಡು ಪದಗಳೂ ಸೇರಿಯೇ ಹೆಸರಾಗುವುದು. ಇಂಡಿಕ ಎಂಬ ಎರಡನೆಯ ಪದವೊಂದನ್ನೇ ಹೇಳಿದರೆ ಏನೂ ತಿಳಿಯದು. ಮಾವಿಗೂ ಹುಣಸೆಗೂ ಅದೇ ಪದವುಂಟು. ಮಾವು ಮ್ಯಾಂಗಿಫೆರ ಇಂಡಿಕ, ಹುಣಸೆ ಟ್ಯಾಮರಿಂಡಸ್ ಇಂಡಿಕ.

ಎರಡು ಪದಗಳಾದ ಮೇಲೆ ಕೆಲವು ವೇಳೆ ಒಂದು ಮೊಟಕಾದ ಹೆಸರಿರುವುದು. ಅದು ನಾಮಕರಣ ಮಾಡಿದವರ ಹೆಸರು. ಎಲ್ ಎಂಬ ಒಂದೇ ಅಕ್ಷರವಿದ್ದರೆ ಲಿನೇಯಸ್ ಎಂದು ತಿಳಿಯತಕ್ಕದ್ದು. ಹೆಬ್ಬೇವಿನ ಮೀಲಿಯ ಡೂಬಿಯ ಎಂಬ ಹೆಸರಿನ ಮುಂದೆ ಕಾವ್ ಎಂದಿರುವುದು. ಸ್ಪೇನ್ ದೇಶದ ಕಾವನಿಲ್ಲೆಸ್ ಎಂಬವನು 1789ರಲ್ಲಿ ಈ ಹೆಸರನ್ನಿಟ್ಟನೆಂದು ಇದರ ಅರ್ಥ. ಕಂಸದೊಳಗೆ ಒಬ್ಬರ ಹೆಸರೂ ಹೊರಗೆ ಮತ್ತೊಬ್ಬರ ಹೆಸರೂ ಇದ್ದರೆ, ಕಂಸದೊಳಗಿನವರು ಮೊದಲು ಹೆಸರಿಟ್ಟವರು, ಹೊರಗಿನವರು ಅದನ್ನು ಬೇರೆ ಕುಲಕ್ಕೆ ಅಥವಾ ಬೇರೆ ದರ್ಜೆಗೆ ಸೇರಿಸಿದವರು. ಖಾತೆ ಬದಲಾದಾಗ ಹಿಂದಿನ ಖಾತೆದಾರರ ಹೆಸರನ್ನು ಷರಾದಲ್ಲಿ ನಮೂದಿಸುವಂತೆ ಇದನ್ನು ಭಾವಿಸಬಹುದು.

ಮತ್ತೊಂದು ಗುರುತನ್ನು ವಿಶೇಷವಾಗಿ ಗಮನಿಸಬೇಕು. ಕುಲದ ಹೆಸರಾದ ಮೇಲೆ ಎಸ್.ಪಿ. ಎಂಬ ಎರಡು ಅಕ್ಷರಗಳು ಮಾತ್ರವಿದ್ದರೆ, ಕುಲವು ಗೊತ್ತು, ಪ್ರಭೇದವು ಗೊತ್ತಿಲ್ಲ, ಅಥವಾ ಹೇಳಿಲ್ಲ, ಎಂದರ್ಥ. ಸಸಿ ಮಾರುವವನು ಮೀಲಿಯ ಎಸ್.ಪಿ. ಎಂದು ಬರೆದುಕೊಟ್ಟರೆ, ಅದು ಸರ್ವೆ ನಂಬರಿಲ್ಲದೆ ಊರ ಹೆಸರನ್ನು ಮಾತ್ರ ಬರೆದ ಕ್ರಯಪತ್ರದಂತಾಯಿತು. ಅದನ್ನು ನೆಚ್ಚಿ ಹಣ ಕೊಡಬಾರದು.

4. ಮೂರು ಬೇವುಗಳ ಚಕ್ಕುಬಂದಿ

ನಂಬರು ಸರಿಯಿದ್ದರೂ ಸ್ಥಳಕ್ಕೆ ಹೋಗಿ ಚಕ್ಕುಬಂದಿಯನ್ನು ನೋಡದೆ ಜಮೀನನ್ನು ಕೊಳ್ಳುವವರಿಲ್ಲ. ಹೆಸರಿನೊಡನೆ ಲಕ್ಷಣಗಳನ್ನೂ ತಾಳೆನೋಡಬೇಕು. ಮೂರು ಬೇವುಗಳ ಲಕ್ಷಣಗಳು ಹೀಗಿರುವುವು.

(ಅ) ಬೇವು, ಅಜಾಡಿರಾಕ್ಟ ಇಂಡಿಕ. ಇದರ ಎಲೆಯು ಒಂದೇ ಸಲ ಗರಿಯೊಡೆದಿರುವುದು. ಎಂದರೆ ನಡುವಿನ ಒಂದು ಕಡ್ಡಿಯ ಎರಡು ಕಡೆಯೂ ಕಿರುಎಲೆಗಳು ನೇರವಾಗಿ ಸೇರಿರುವುವು. ಕಿರುಎಲೆಯು ಕುಡುಗೋಲಿನಂತೆ ಬಾಗಿ, ಅಂಚಿನಲ್ಲಿ ಗರಗಸದಂತೆ ಹಲ್ಲುಗಳನ್ನು ಹೊಂದಿರುವುದು. ಹೂವು ಬಿಳಿದು, ಜೇನಿನ ವಾಸನೆಯುಳ್ಳದ್ದು. ಹಣ್ಣು ನೀಳವಾಗಿ, ಹಳದಿ ಬಣ್ಣವಾಗಿ, ಸಾಮಾನ್ಯವಾಗಿ ಒಂದೇ ಬೀಜವುಳ್ಳದ್ದಾಗಿರುವುದು.

(ಆ) ಹುಚ್ಚುಬೇವು, ಮೀಲಿಯ ಅಜೆಡರಾಕ್. ಇದರ ಎಲೆಯ ನಡುಗಡ್ಡಿಯಿಂದ ಅಡ್ಡಕಡ್ಡಿಗಳು ಹೊರಟು, ಅವುಗಳ ಮೇಲೆ ಕಿರುಎಲೆಗಳು ಇರುವುವು; ಎಂದರೆ ಎರಡು ಅಥವಾ ಮೂರು ಸಲ ಗರಿಯೊಡೆದಿರುವುದು. ಹೂವು ಊದಾ ಬಣ್ಣದ್ದು; ನಡುವೆ ಕಡು ನೇರಿಳೆ ಬಣ್ಣದ ಕೊಳವೆಯಿರುವುದು. ಹಣ್ಣು ಗುಂಡಾಗಿ, ಸುಮಾರು ಒಂದೂವರೆ ಸೆಂಟಿಮೀಟರು ಗಾತ್ರವಾಗಿ, ಎಲೆಯುದುರಿದ ಮೇಲೂ ಗೊಂಚಲಿನಲ್ಲಿ ನೇತಾಡುತ್ತಿರುವುದು. ಒಳಗಿನ ಗಟ್ಟಿ ಓಟೆಯನ್ನು ಮಣಿಯಾಗಿ ಪೋಣಿಸುವುದುಂಟು. ಈ ಮರದ ಹಣ್ಣು ವಿಷವುಳ್ಳದ್ದು. ಅದನ್ನು ತಿಂದು ಹಂದಿಗಳೂ ಮನುಷ್ಯರೂ ಅಪಾಯಕ್ಕೊಳಗಾದ ಸಂಗತಿಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿರುವುವು. ಆದಕಾರಣ, ಬೇವೆಂಬ ಹೆಸರನ್ನು ಮಾತ್ರ ಕೇಳಿ ಇದರ ಹೂ, ಎಲೆ, ಕಾಯಿಗಳನ್ನು ಯುಗಾದಿಯ ಬೇವುಬೆಲ್ಲಕ್ಕಾಗಲಿ ಮನೆಮದ್ದಿಗಾಗಲಿ ಎಂದಿಗೂ ಉಪಯೋಗಿಸಬಾರದು.

(ಇ) ಹೆಬ್ಬೇವು, ಮೀಲಿಯ ಡೂಬಿಯ. ಎಲೆಯು ಹುಚ್ಚುಬೇವಿನಂತೆಯೇ ಎರಡು ಮೂರು ಸಲ ಗರಿಯೊಡೆದಿರುವುದು. ಹೂವು ಮಾತ್ರ ಹಸುರು ಬೆರೆತ ಬಿಳುಪು. ಹಣ್ಣು ದೊಡ್ಡದು, ಎರಡೂವರೆ ಸೆಂಟಿಮೀಟರಿಗೆ ಕಡಮೆಯಿಲ್ಲದೆ ಮೊಟ್ಟೆಯಾಕಾರವಾಗಿರುವುದು. ಕಾಂಡವು ನೇರವಾಗಿ ಬಹಳ ಎತ್ತರಕ್ಕೆ ಹೋಗುವುದು.

ಇದರಿಂದ ತಿಳಿಯಬೇಕಾದುದೇನೆಂದರೆ, ನರ್ಸರಿಯ ಚೀಲದಲ್ಲಿರುವ ಸಸಿಯನ್ನು ನೋಡಿ ಅದು ಬೇವೋ ಮೀಲಿಯವೋ ಎಂಬುದನ್ನು ಯಾರಾದರೂ ಹೇಳಬಹುದು. ಎಲೆಯ ಗರಿಯನ್ನು ನೋಡಿದರೆ ಸಾಕು. ಎಲೆಯು ಎಲ್ಲಿ ಆರಂಭವಾಗುವುದೆಂದು ಸಂಶಯ ಬಂದರೆ, ಕಂಕುಳಿನ ಮೊಗ್ಗನ್ನು ಹುಡುಕಬೇಕು. ಮೊಗ್ಗಿರುವುದು ಇಡೀ ಎಲೆಯ ಬುಡದಲ್ಲಿಯೇ ಹೊರತು ಕಿರುಎಲೆಯ ಬುಡದಲ್ಲಲ್ಲ. ಆದರೆ ಎರಡು ಮೀಲಿಯಗಳಲ್ಲಿ ಇದು ಯಾವುದೆಂಬುದು ಎಳೆಯ ಸಸಿಯಲ್ಲಿ ಸುಲಭವಾಗಿ ಗೊತ್ತಾಗದು. ಆದಕಾರಣ, ಹೆಬ್ಬೇವಿನ ಸಸಿಯನ್ನು ಕೊಳ್ಳುವಾಗ ಮೀಲಿಯ ಡೂಬಿಯ ಎಂದು ಬರೆಯಿಸಿಕೊಳ್ಳುವುದಲ್ಲದೆ, ಬೀಜವನ್ನು ಯಾವ ತಾಯಿಮರದಿಂದ ತಂದರೆಂದು ಕೇಳಬೇಕು. ಸಾಧ್ಯವಾದರೆ ಆ ಮರವನ್ನು, ಇಲ್ಲವೇ ಅದರ ಹಣ್ಣನ್ನಾದರೂ ಕಣ್ಣಾರೆ ನೋಡಬೇಕು.

5. ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು

ಬೇವಿನ ಅಜಾಡಿರಾಕ್ಟ, ಹುಚ್ಚುಬೇವಿನ ಅಜೆಡರಾಕ್ ಎಂಬ ಎರಡು ಪದಗಳು ಎಷ್ಟು ಹತ್ತಿರವಾಗಿರುವುವೆಂಬುದನ್ನು ತಾವು ಗಮನಿಸಿರಬಹುದು. ಎರಡೂ ಪಾರಸಿ ಭಾಷೆಯ "ಆಜಾದ್ ದರಖ್ತ್" ಎಂಬುದರಿಂದ ಬಂದವು. ಸ್ವತಂತ್ರವಾದ ಅಥವಾ ಶ್ರೇಷ್ಠವಾದ ಮರವೆಂದು ಇದರ ಅರ್ಥ. ಲಿನೇಯಸನು 1753ರಲ್ಲಿ ಎರಡು ಮರಗಳನ್ನೂ ಮೀಲಿಯ ಕುಲದಲ್ಲಿಯೇ ಇಟ್ಟನು. ಹೀಗಾಗಿ ಹಳೆಯ ಗ್ರಂಥಗಳಲ್ಲಿ ಮೀಲಿಯ ಅಜಾಡಿರಾಕ್ಟ ಎಂದಿದ್ದರೆ ಅದು ನಮ್ಮ ಬೇವು. ಮೀಲಿಯ ಅಜೆಡರಾಕ್ ಎಂದಿದ್ದರೆ ಅದು ಹುಚ್ಚುಬೇವು. ಒಂದು ಮನೆಮದ್ದು, ಇನ್ನೊಂದು ವಿಷ. ನಡುವಿನ ಅಂತರವು ಕೆಲವೇ ಅಕ್ಷರಗಳು.

ಇಂಗ್ಲಿಷ್ ಬಾರದ ಹಿಡುವಳಿದಾರರು ಶಾಸ್ತ್ರೀಯ ನಾಮವನ್ನು ಕಿವಿಯಿಂದ ಕೇಳಿ ಬರೆಯಿಸಬಾರದು. ಅಚ್ಚಾದ ಕಾಗದವನ್ನೋ ಚೀಲದ ಮೇಲಿನ ಚೀಟಿಯನ್ನೋ ಮುಂದಿಟ್ಟುಕೊಂಡು, ಮನೆಯಲ್ಲಿ ಓದುತ್ತಿರುವ ಮಕ್ಕಳಿಂದ ಅಕ್ಷರಕ್ಕೆ ಅಕ್ಷರ ನಕಲು ಮಾಡಿಸಬೇಕು. ಬರೆದಾದ ಮೇಲೆ ಮತ್ತೊಬ್ಬರಿಂದ ತಾಳೆನೋಡಿಸಬೇಕು.

ಇದೇ ಪದವು ಔಷಧಿಯ ಅಂಗಡಿಯಲ್ಲಿಯೂ ಉಪಯೋಗಕ್ಕೆ ಬರುವುದು. 1968ರಲ್ಲಿ ಬೇವಿನ ಬೀಜದಿಂದ ಕೀಟಗಳ ಆಹಾರವನ್ನು ತಡೆಯುವ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಮರದ ಹೆಸರಿನಿಂದಲೇ ಅಜಾಡಿರಾಕ್ಟಿನ್ ಎಂದು ಹೆಸರಾಯಿತು. ಬೇವಿನ ಮೂಲದ ಸಿಂಪಡಣೆಯ ಸೀಸೆಗಳ ಮೇಲೆ ಈ ಪದವೂ, ಅದರ ಮುಂದೆ 300, 1500 ಅಥವಾ 10000 ಪಿ.ಪಿ.ಎಂ. ಎಂಬ ಅಂಕಿಯೂ ಇರುವುವು. ಹತ್ತು ಲಕ್ಷ ಪಾಲಿನಲ್ಲಿ ಆ ವಸ್ತುವು ಎಷ್ಟು ಪಾಲಿದೆ ಎಂಬುದನ್ನು ಆ ಅಂಕಿಯು ತಿಳಿಸುವುದು. 300 ಎಂಬುದು ಶೇಕಡಾ 0.03, 10000 ಎಂಬುದು ಶೇಕಡಾ 1. ಸೀಸೆಯ ಮೇಲೆ ಬೇವಿನ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಅದೇ ಪ್ರಮಾಣದಲ್ಲಿ ಬೆರೆಸಲಾಗದು. ಅಂಗಡಿಯಲ್ಲಿ ಎಲೆಯ ಚಿತ್ರವನ್ನು ನೋಡದೆ, ಈ ಪದವನ್ನೂ ಅಂಕಿಯನ್ನೂ ಓದಬೇಕು.

6. ಹೆಸರು ಬದಲಾಗುವುದೇಕೆ

"ಒಂದು ಸಸ್ಯಕ್ಕೆ ಒಂದೇ ಹೆಸರು ಎಂದಿರಿ, ಆದರೆ ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬೇರೆಯಾಗಿರುವುದಲ್ಲ?" ಎಂದು ತಾವು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಸರ್ವೆ ನಂಬರು ಪೋಡಿಯಾದರೆ ಅಂಕಿಯು ಬದಲಾಗುವುದು, ನೆಲವು ಬದಲಾಗದು. ಹಾಗೆಯೇ ಶಾಸ್ತ್ರಜ್ಞರು ಒಂದು ದೊಡ್ಡ ಕುಲವನ್ನು ಎರಡಾಗಿ ಒಡೆದರೆ, ಕೆಲವು ಸಸ್ಯಗಳ ಮೊದಲ ಪದವು ಬದಲಾಗುವುದು. ಬೇವನ್ನು ಮೀಲಿಯದಿಂದ ಬೇರ್ಪಡಿಸಿ ಅಜಾಡಿರಾಕ್ಟ ಕುಲವನ್ನು ಮಾಡಿದುದು 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಫ್ರಾನ್ಸ್ ದೇಶದ ಆಡ್ರಿಯನ್ ಡಿ ಜುಸ್ಯೂ ಎಂಬವನಿಂದ.

ಕರಿಬೇವಿನ ಕಥೆಯು ಇನ್ನೂ ಸ್ವಾರಸ್ಯವಾದುದು. ಲಿನೇಯಸನು ಇದನ್ನು ಬರ್ಗೆರ ಕೋನಿಗಿಐ ಎಂದು ಕರೆದನು. ಕೋನಿಗ್ ಎಂಬವನು ಅವನ ಶಿಷ್ಯ. 1768ರಲ್ಲಿ ತರಂಗಂಬಾಡಿಗೆ ಬಂದು, ದಕ್ಷಿಣ ದೇಶದ ಸಸ್ಯಗಳನ್ನು ಸಂಗ್ರಹಿಸಿದವನು. 1825ರಲ್ಲಿ ಸ್ಪ್ರೆಂಗೆಲ್ ಎಂಬವನು ಈ ಗಿಡವನ್ನು ಮುರ್ರಾಯ ಕುಲಕ್ಕೆ ಸೇರಿಸಿದನು. ಈಚೆಗೆ ಅನೇಕ ವಿದ್ವಾಂಸರು ಮತ್ತೆ ಬರ್ಗೆರ ಎಂದೇ ಬರೆಯುತ್ತಿರುವರು. ಎರಡು ಹೆಸರುಗಳೂ ನಮ್ಮ ಹಿತ್ತಲಿನ ಕರಿಬೇವಿಗೇ ಸಲ್ಲುವುವು.

ನಮ್ಮ ಹುರುಳಿಯ ವಿಷಯವನ್ನೂ ಹೇಳುವೆನು. ಹಳೆಯ ಕೃಷಿ ಪುಸ್ತಕಗಳಲ್ಲಿ ಹುರುಳಿಯನ್ನು ಡಾಲಿಕಾಸ್ ಬೈಫ್ಲೋರಸ್ ಎಂದು ಬರೆದಿರುವರು. 1970ರಲ್ಲಿ ವರ್ಡ್‌ಕೋರ್ಟ್ ಎಂಬ ವಿದ್ವಾಂಸರು ಅದನ್ನು ಮ್ಯಾಕ್ರೊಟೈಲೋಮ ಯೂನಿಫ್ಲೋರಂ ಎಂಬ ಹೆಸರಿಗೆ ತಂದರು. ಹಳೆಯ ಪುಸ್ತಕದ ಮಾತು ಹುರುಳಿಗೆ ಈಗಲೂ ಅನ್ವಯಿಸುವುದು. ಇಂಥ ಹಳೆಯ ಹೆಸರುಗಳನ್ನು ಪುಸ್ತಕಗಳಲ್ಲಿ ಸಿನ್. ಎಂಬ ಗುರುತಿನೊಡನೆ ಪಕ್ಕದಲ್ಲಿ ಕೊಡುವರು. ಅದು ಪರ್ಯಾಯ ನಾಮವೆಂಬುದರ ಗುರುತು. ಹೆಬ್ಬೇವನ್ನು ಕೆಲವರು ಮೀಲಿಯ ಕಾಂಪೋಸಿಟ ಎಂದು ಬರೆಯುವರು. ಅದೂ ಪರ್ಯಾಯ ನಾಮವೇ.

ಹೆಬ್ಬೇವಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚದೆ ತಿಳಿಸಬೇಕು. 1984ರಲ್ಲಿ ಮ್ಯಾಬರ್ಲಿ ಎಂಬ ವಿದ್ವಾಂಸರು ಮೀಲಿಯ ಕುಲವನ್ನು ಪರಿಶೀಲಿಸಿ, ಮೀಲಿಯ ಡೂಬಿಯವನ್ನು ಮೀಲಿಯ ಅಜೆಡರಾಕಿನೊಳಗೆ ಅಡಗಿಸಿದರು. ನಮ್ಮ ದೇಶದ ಅರಣ್ಯ ಮತ್ತು ಕೃಷಿ ಸಂಸ್ಥೆಗಳಲ್ಲಿ ಎರಡನ್ನೂ ಬೇರೆಯೆಂದೇ ಎಣಿಸುವ ರೂಢಿಯುಂಟು. ಹೀಗಿರುವಲ್ಲಿ ಮಾರುವವನು "ಶಾಸ್ತ್ರದಲ್ಲಿ ಎರಡೂ ಒಂದೇ" ಎಂದು ವಾದಿಸಿದರೆ ಮರುಳಾಗಬಾರದು. ವಿದ್ವಾಂಸರ ವಾದವು ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸಬೇಕೆ ಎಂಬುದು. ನಮಗೆ ಬೇಕಾದುದು ದೊಡ್ಡ ಹಣ್ಣಿನ, ಬಿಳಿ ಹೂವಿನ, ನೇರ ಕಾಂಡದ ಮರ. ದನಗಳೆಲ್ಲವೂ ಒಂದೇ ಪ್ರಭೇದವಾದರೂ ಅಮೃತಮಹಲಿನ ಎತ್ತನ್ನು ಕೇಳಿದವರಿಗೆ ಬೇರೊಂದನ್ನು ಕೊಡುವುದು ನ್ಯಾಯವಲ್ಲವಷ್ಟೆ. ಆದಕಾರಣ, ರಸೀದಿಯಲ್ಲಿ ನಾಮದೊಡನೆ ಲಕ್ಷಣವನ್ನೂ ಬರೆಯಿಸುವುದು ಕ್ಷೇಮ.

7. ಹೆಸರಿನ ಅರ್ಥವನ್ನು ಎಷ್ಟು ನಂಬಬೇಕು

ಹೆಸರುಗಳ ಅರ್ಥವನ್ನು ತಿಳಿದರೆ ನೆನಪಿಡಲು ಅನುಕೂಲ. ಮೀಲಿಯ ಎಂಬುದು ಗ್ರೀಕ್ ದೇಶದ ಬೇರೊಂದು ಮರದ ಹೆಸರು. ಎಲೆಯ ಹೋಲಿಕೆಯಿಂದ ಈ ಕುಲಕ್ಕೆ ಬಂದಿತು. ಡೂಬಿಯ ಎಂದರೆ ಸಂದೇಹವುಳ್ಳದ್ದು. ಹೆಬ್ಬೇವಿಗೆ ಸಂದೇಹವೆಂಬ ಅರ್ಥದ ಹೆಸರು ಬಂದಿರುವುದು, ಕೊಳ್ಳುವವರಿಗೆ ಒಳ್ಳೆಯ ಎಚ್ಚರಿಕೆಯೇ ಸರಿ!

ಆದರೆ ಅರ್ಥವನ್ನು ಪ್ರಮಾಣವೆಂದು ತಿಳಿಯಬಾರದು. ಇಂಡಿಕ ಎಂದಿದ್ದ ಮಾತ್ರಕ್ಕೆ ಸಸ್ಯದ ಮೂಲವು ನಮ್ಮ ದೇಶವೇ ಎಂದು ಸಿದ್ಧವಾಗದು. ಮೇಲೆ ಹೇಳಿದ ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕವಾದರೂ, ಅದರ ಮೂಲವು ಆಫ್ರಿಕ ಖಂಡವೆಂದು ವಿದ್ವಾಂಸರ ಮತ. ಬೈಫ್ಲೋರಸ್ ಎಂದರೆ ಎರಡು ಹೂವಿನದು, ಯೂನಿಫ್ಲೋರಂ ಎಂದರೆ ಒಂದು ಹೂವಿನದು. ಹುರುಳಿಯಾದರೋ ಎಲೆಯ ಕಂಕುಳಲ್ಲಿ ಒಂದು, ಎರಡು, ಮೂರು ಹೂಗಳನ್ನೂ ಬಿಡುವುದು. ಹೆಸರು ಗುರುತಿಗಾಗಿ ಇರುವುದು, ವರ್ಣನೆಗಾಗಿ ಅಲ್ಲ.

ಈ ಹೆಸರುಗಳೆಲ್ಲವೂ ಪರದೇಶದವೆಂದು ಭಾವಿಸಬೇಕಾಗಿಯೂ ಇಲ್ಲ. ರಾಗಿಯ ಹೆಸರಾದ ಎಲ್ಯುಸಿನೆ ಕೊರಕಾನ ಎಂಬುದರ ಎರಡನೆಯ ಪದವು ಸಿಂಹಳದವರು ರಾಗಿಗೆ ಹೇಳುವ ಕುರಕ್ಕನ್ ಎಂಬುದರಿಂದ ಬಂದಿತು. ಕನ್ನಡದ ಪದವೂ ಈ ಪಟ್ಟಿಯಲ್ಲಿ ಉಂಟು. ಕಾಫಿಯ ಎಲೆಯನ್ನು ಕೊಳೆಸುವ ಬೂಷ್ಟಿಗೆ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸನು 1876ರಲ್ಲಿ ಪೆಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟನು. ನಮ್ಮ ತೋಟದವರ ಮಾತನ್ನೇ ಹಾಗೆಯೇ ತೆಗೆದುಕೊಂಡನು. ಆದರೆ ಅಡಕೆಯ ಕೊಳೆರೋಗವು ಬೇರೆ. ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸುತ್ತಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಅದನ್ನು ಪರಿಶೋಧಿಸಿ, ಅದು ಫೈಟಾಫ್ತೊರ ಎಂಬ ಬೇರೆ ಕುಲದ ಜೀವಿಯಿಂದ ಬರುವುದೆಂದು ತೋರಿಸಿದರು. ಫೈಟಾಫ್ತೊರ ಎಂದರೆ ಸಸ್ಯನಾಶಕ. ಊರ ಹೆಸರು ಒಂದೇ, ರೋಗಗಳು ಎರಡು. ಆದಕಾರಣ, ಒಂದಕ್ಕೆ ಹೇಳಿದ ಔಷಧಿಯನ್ನು ವಿಚಾರಿಸದೆ ಇನ್ನೊಂದಕ್ಕೆ ಹಾಕಬಾರದು.

8. ಗುರುತು ತಿಳಿಯದ ಗಿಡದ ನಮೂನೆಯನ್ನು ಕಳುಹಿಸುವ ಕ್ರಮ

ಹೊಲದಲ್ಲಿ ಹೊಸ ಕಳೆಯು ಕಂಡಾಗ, ದನವು ತಿಂದು ಕೆಟ್ಟ ಗಿಡವು ಯಾವುದೆಂದು ತಿಳಿಯಬೇಕಾದಾಗ, ಅಥವಾ ಕೊಂಡ ಸಸಿಯ ವಿಷಯದಲ್ಲಿ ಸಂಶಯ ಬಂದಾಗ, ಶಾಸ್ತ್ರೀಯ ನಾಮವನ್ನು ಊಹೆಯಿಂದ ಇಡಬಾರದು, ತಿಳಿದವರಿಂದ ಪಡೆಯಬೇಕು. ಅದಕ್ಕೆ ಒಂದು ಎಲೆಯನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಲದು. ಕೆಳಗಿನಂತೆ ಮಾಡತಕ್ಕದ್ದು.

(ಅ) ಒಂದು ಅಡಿಗೆ ಮೀರದ ಕೊಂಬೆಯನ್ನು ಎಲೆ, ಹೂ, ಕಾಯಿಗಳೊಡನೆ ಕತ್ತರಿಸಬೇಕು. ಚಿಕ್ಕ ಕಳೆಯಾದರೆ ಬೇರುಸಹಿತ ಕಿತ್ತು, ಮಣ್ಣನ್ನು ಕೊಡವಬೇಕು.

(ಆ) ಅದನ್ನು ಹಳೆಯ ವರ್ತಮಾನಪತ್ರಿಕೆಯ ಮಡಿಕೆಯಲ್ಲಿ ಹರಡಬೇಕು. ಒಂದೆರಡು ಎಲೆಗಳನ್ನು ಮಗುಚಿ, ಬೆನ್ನು ಕಾಣುವಂತೆ ಇಡಬೇಕು. ಮೇಲೆ ಹಲಗೆಯನ್ನೂ ಅದರ ಮೇಲೆ ಕಲ್ಲನ್ನೂ ಹೇರಬೇಕು.

(ಇ) ಮೊದಲ ಕೆಲವು ದಿನಗಳಲ್ಲಿ ದಿನಕ್ಕೊಮ್ಮೆ ಕಾಗದವನ್ನು ಬದಲಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿಯುವುದು.

(ಈ) ಒಂದು ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು, ಊರಲ್ಲಿ ಕರೆಯುವ ಹೆಸರು, ಗಿಡದ ಎತ್ತರ, ಹೂವಿನ ಬಣ್ಣ, ಹಾಲು ಸುರಿಯುವುದೇ ಇಲ್ಲವೇ ಎಂಬುದು, ಬೆಳೆದಿರುವ ಜಾಗ ಇವಿಷ್ಟನ್ನು ಬರೆಯಬೇಕು. ಒಣಗಿದ ಮೇಲೆ ಬಣ್ಣವು ಹೋಗುವುದರಿಂದ ಅದನ್ನು ಮೊದಲೇ ಬರೆದಿಡಬೇಕು.

(ಉ) ಒಂದೇ ಗಿಡದಿಂದ ಎರಡು ನಮೂನೆಗಳನ್ನು ಮಾಡಿ, ಎರಡಕ್ಕೂ ಒಂದೇ ನಂಬರ್ ಹಾಕಬೇಕು. ಒಂದನ್ನು ಕಳುಹಿಸಿ, ಇನ್ನೊಂದನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಉತ್ತರ ಬಂದಾಗ ಯಾವ ಗಿಡಕ್ಕೆ ಯಾವ ಹೆಸರೆಂಬುದು ಆಗ ಸಂಶಯವಿಲ್ಲದೆ ತಿಳಿಯುವುದು.

ದನವು ತಿಂದು ನರಳುತ್ತಿರುವಾಗ ಒಣಗಿಸುತ್ತ ಕೂರಬಾರದು. ಹಸಿ ಗಿಡವನ್ನೇ ಪಶುವೈದ್ಯರ ಬಳಿಗೆ ಕೂಡಲೇ ಒಯ್ಯಬೇಕು. ಉಳಿದ ಸಂದರ್ಭಗಳಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಬೆಂಗಳೂರು ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವನ್ನಾಗಲಿ ಕೇಳಬಹುದು. ಹೆಬ್ಬೇವಿನಂಥ ಮರಗಳ ವಿಷಯಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಉಂಟು.

9. ಊರಿನ ಮುಖಂಡರಲ್ಲಿ ಅರಿಕೆ

ಈ ವಿಷಯದಲ್ಲಿ ಒಬ್ಬೊಬ್ಬರೇ ಪಡುವ ಶ್ರಮಕ್ಕಿಂತ ಊರು ಕೂಡಿ ಮಾಡುವ ಕೆಲಸವು ಹೆಚ್ಚು ಫಲಕಾರಿಯಾಗುವುದು. ಪಂಚಾಯಿತಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಒಂದು ದಪ್ಪ ಪುಸ್ತಕವನ್ನಿಟ್ಟು, ಪುಟಕ್ಕೊಂದರಂತೆ ಊರಿನ ಬೆಳೆ, ಮರ, ಕಳೆ, ಔಷಧಿಯ ಗಿಡಗಳನ್ನು ಬರೆಯಿಸಿರಿ. ಮೊದಲು ಊರ ಹೆಸರು, ಅದರ ಕೆಳಗೆ ನೆರೆಯ ಊರುಗಳಲ್ಲಿ ಕರೆಯುವ ಹೆಸರು, ಅದರ ಕೆಳಗೆ ತಿಳಿದವರಿಂದ ಗೊತ್ತುಮಾಡಿಸಿದ ಶಾಸ್ತ್ರೀಯ ನಾಮ, ಪಕ್ಕದಲ್ಲಿ ಒಣಗಿಸಿದ ಒಂದು ನಮೂನೆ ಇಷ್ಟಿದ್ದರೆ ಸಾಕು. ಗೊತ್ತಿಲ್ಲದ ಕಡೆ ಜಾಗವನ್ನು ಖಾಲಿ ಬಿಡಬೇಕೇ ಹೊರತು ಊಹಿಸಿ ತುಂಬಬಾರದು. ಊರಿನ ವೃದ್ಧರು ಬಲ್ಲ ಹೆಸರುಗಳೂ ಈ ಪುಸ್ತಕದಲ್ಲಿ ಉಳಿಯುವುವು; ಅವರ ಕಾಲಾನಂತರ ಆ ತಿಳಿವಳಿಕೆಯನ್ನು ಮತ್ತೆ ಸಂಪಾದಿಸುವುದು ಕಷ್ಟ.

ಎರಡನೆಯದಾಗಿ, ಸಸಿ ಅಥವಾ ಔಷಧಿಯ ಬೆಳೆಯ ಒಪ್ಪಂದಕ್ಕೆ ತಾವು ಸಾಕ್ಷಿ ಹಾಕುವಾಗ, ಶಾಸ್ತ್ರೀಯ ನಾಮವು ಎರಡು ಪದಗಳಲ್ಲಿ ಪೂರ್ಣವಾಗಿ ಇದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಬರೆಯಿಸಿರಿ. ಮೊದಲು ಹೇಳಿದ 340 ಸಸಿಗಳ ವ್ಯಾಜ್ಯದಲ್ಲಿ, ರಸೀದಿಯಲ್ಲಿ ಮೀಲಿಯ ಡೂಬಿಯ ಎಂಬ ಎರಡು ಪದಗಳೂ "ಬಿಳಿ ಹೂವಿನ, ದೊಡ್ಡ ಹಣ್ಣಿನ ತಾಯಿಮರದ ಬೀಜ" ಎಂಬ ಒಂದು ಸಾಲೂ ಇದ್ದಿದ್ದರೆ, ಯಜಮಾನರ ತೀರ್ಮಾನವು ಸುಲಭವಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅಷ್ಟನ್ನು ಬರೆದು ಸಹಿ ಹಾಕಬೇಕಾಗಿ ಬಂದಿದ್ದರೆ, ಮಾರುವವನು ತಪ್ಪು ಸಸಿಯನ್ನು ಕೊಡಲು ಹಿಂಜರಿಯುತ್ತಿದ್ದನು.

ಬೆಳೆಯಾದರೆ ಒಂದು ಹಂಗಾಮಿನ ನಷ್ಟವನ್ನು ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಮರವಾದರೆ ವರ್ಷಗಳೇ ಹೋಗುವುವು. ಎರಡು ಪದಗಳನ್ನು ಬರೆಯಿಸಿಕೊಳ್ಳಲು ಬೇಕಾಗುವುದು ಎರಡು ನಿಮಿಷ. ಈ ಎರಡು ನಿಮಿಷಗಳ ಅಭ್ಯಾಸವನ್ನು ತಾವೂ ಮಾಡಿಕೊಂಡು, ತಮ್ಮ ಊರಿನವರಿಗೂ ಮಾಡಿಸಬೇಕೆಂದು ಬೇಡಿಕೊಳ್ಳುತ್ತ, ನನ್ನ ಉಪನ್ಯಾಸವನ್ನು ಮುಗಿಸುವೆನು.